ಟೆಸ್ಲಾ ಕಾಯಿಲಿನ ಸೆಕೆಂಡರಿಯಲ್ಲಿ ಸುತ್ತು ಮೇಲೆ ಸುತ್ತು ಹತ್ತಿದ್ರೆ ಬಿಚ್ಚಲೇಬೇಕು

ಟೆಸ್ಲಾ ಕಾಯಿಲ್ ಅಂದ್ರೆ ತುಂಬಾ ಹೆಚ್ಚು ವೋಲ್ಟೇಜ್ ಹುಟ್ಟಿಸಿ ಕಿಡಿ ಹಾರಿಸೋ ಸಾಧನ, ಅದರಲ್ಲಿ ಆ ವೋಲ್ಟೇಜ್ ಬರೋ ಉದ್ದ ಕಾಯಿಲೇ ಸೆಕೆಂಡರಿ. ಅದಕ್ಕೆ 110 ಎಂಎಂ ಪಿವಿಸಿ ಪೈಪಿಗೆ 28 ಎಸ್‌ಡಬ್ಲ್ಯೂಜಿ (ವೈರ್ ದಪ್ಪದ ಅಳತೆ, ಸುಮಾರು 0.38 ಎಂಎಂ) ತಾಮ್ರದ ವೈರ್ ಸುತ್ತುವಾಗ ಮಧ್ಯದಲ್ಲಿ ಎರಡು ಸುತ್ತು ಒಂದರ ಮೇಲೊಂದು ಹತ್ತಿದೆ, ಹಾಗೇ ಬಿಡಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬಿಡಬೇಡಿ. ಪಕ್ಕಪಕ್ಕದ ಸುತ್ತುಗಳ ಮಧ್ಯೆ ವೋಲ್ಟೇಜ್ ಕಮ್ಮಿ ಇರುತ್ತೆ, ಆದ್ರೆ ವೈರ್ ಹಿಂದಕ್ಕೆ ಹತ್ತಿ ಕೂತ್ರೆ ಅಷ್ಟು ದೂರದ ಸುತ್ತಿನ ವೋಲ್ಟೇಜೆಲ್ಲ ವೈರ್ ಮೇಲಿನ ತೆಳು ಎನಾಮಲ್ (ಇನ್ಸುಲೇಷನ್ ಲೇಪ) ಮೇಲೇ ಬೀಳುತ್ತೆ, ಕಿಡಿ ಹಾರಿ ಅಲ್ಲೇ ಸುಟ್ಟು ಕಪ್ಪಾಗುತ್ತೆ. ನಂದೊಂದು ಕಾಯಿಲ್ ಹೀಗೇ ಹೋಯ್ತು, ಇಡೀ ಭಾನುವಾರ ಕೂತು ಸುತ್ತಿದ್ದು, ತುಂಬಾ ಬೇಜಾರಾಗಿತ್ತು. ಅಲ್ಲೀತನಕ ಬಿಚ್ಚಿ ಮತ್ತೆ ಸುತ್ತಿ, ಪ್ರತಿ 30-40 ಸುತ್ತಿಗೆ ಒಂದು ಚೂರು ಟೇಪ್ ಅಂಟಿಸ್ತಾ ಹೋಗಿ, ಕೈ ಜಾರಿದ್ರೂ ಪೂರ್ತಿ ಸಡಿಲ ಆಗಲ್ಲ. ಎಡಗೈ ಹೆಬ್ಬೆರಳಿನ ಉಗುರು ಹಿಂದಿನ ಸುತ್ತಿಗೆ ಒತ್ತಿಕೊಂಡೇ ಇರಲಿ, ವೈರ್ ಹತ್ತೋಕೆ ಹೊರಟ ತಕ್ಷಣ ಬೆರಳಿಗೆ ಗೊತ್ತಾಗಿಬಿಡುತ್ತೆ.

ವೈರ್ ಲೆಕ್ಕ ಹೇಳ್ತೀನಿ: ಎತ್ತರ 45 ಸೆಂಟಿಮೀಟರ್ ಇಟ್ಕೊಂಡ್ರೆ ಎನಾಮಲ್ ಸೇರಿ ಸುಮಾರು 1050 ಸುತ್ತು, ಅಂದ್ರೆ ಹತ್ತತ್ರ 365 ಮೀಟರ್, ತೂಕ 400 ಗ್ರಾಂ ಒಳಗೇ ಬರುತ್ತೆ, ಆದ್ರೂ ಅರ್ಧ ಕೆಜಿ ತಗೊಳ್ಳಿ, ಮಧ್ಯದಲ್ಲಿ ಜಾಯಿಂಟ್ ಹಾಕೋ ಪರಿಸ್ಥಿತಿ ಬರಬಾರದು. ಮೋಟಾರ್ ವೈಂಡಿಂಗ್ ಅಂಗಡೀಲಿ ತೂಕದ ಲೆಕ್ಕದಲ್ಲಿ ಸಿಗುತ್ತೆ, ಇನ್ಸುಲೇಟಿಂಗ್ ವಾರ್ನಿಷ್ಷೂ ಅಲ್ಲೇ ಕೇಳಿ.

ಇನ್ನೊಂದು, ತುದಿ ಸಿಗಿಸೋಕೆ ಅಂತ ಪೈಪಿಗೆ ತೂತು ಹೊಡೆದು ವೈರ್ ಒಳಗೆ ತರಬೇಡಿ, ಪೈಪ್ ಒಳಗೇ ಕಿಡಿ ಹರಿಯುತ್ತೆ. ಕೆಳಗಿನ ತುದಿಗೆ ಮನೆ ವೈರಿಂಗಿನ ಅರ್ಥ್ ಕೊಡಬೇಡಿ, ಹೊರಗಡೆ ಮಣ್ಣಿಗೆ ಬೇರೇನೇ ರಾಡ್ ಹೊಡೀರಿ.