ಅಂಗಡಿಯ ಕಾರು ಮಾರಿದರೆ ತೆರಿಗೆ ಬರುತ್ತಾ?

ಸರ್, ದಾವಣಗೆರೆಯ ನಿಮ್ಮ ಹಾರ್ಡ್‌ವೇರ್ ಅಂಗಡಿಗೆ 8 ಲಕ್ಷಕ್ಕೆ ತಗೊಂಡ ಕಾರು 4.5 ಲಕ್ಷಕ್ಕೆ ಹೋಗುತ್ತಿದೆ, ನಷ್ಟಕ್ಕೆ ಮಾರಿದರೂ ತೆರಿಗೆಯಾ ಅಂತ ಕೇಳಿದ್ದೀರಿ. ಬರಬಹುದು. ಕೊಂಡ ಬೆಲೆಯನ್ನು ಇಲ್ಲಿ ಯಾರೂ ಕೇಳುವುದಿಲ್ಲ. ವರ್ಷಕ್ಕೆ 15% ಸವಕಳಿ, ಅಂದರೆ ಹಳೆಯದಾದಂತೆ ಇಳಿಯುವ ಬೆಲೆ, ಕಳೆದು ಪುಸ್ತಕದಲ್ಲಿ ಎಷ್ಟು ಉಳಿದಿದೆ, ಅದೇ ಲೆಕ್ಕ. ನೀವು ಹೇಳಿದ ನಾಲ್ಕು ವರ್ಷಕ್ಕೂ ಪೂರ್ತಿ ಕಳೆದರೆ 4,17,605 ರೂಪಾಯಿ.

ಆದಾಯ ತೆರಿಗೆಯಲ್ಲಿ ಕಾರನ್ನು ಒಂಟಿಯಾಗಿ ನೋಡುವುದಿಲ್ಲ. ಜನರೇಟರ್, ತೂಕದ ಮಷಿನ್ ಅಂತ ಅದೇ 15% ಸವಕಳಿ ಕಳೆಯುವ ಆಸ್ತಿಗಳ ಗುಂಪಿನಲ್ಲಿ ಬೇರೆ ಏನಾದರೂ ಇದ್ದರೆ 4.5 ಲಕ್ಷವನ್ನು ಗುಂಪಿನ ಮೊತ್ತದಲ್ಲಿ ಕಳೆಯಿರಿ. ಮೊತ್ತ ಮೈನಸ್ ಆಗದಿದ್ದರೆ ಸದ್ಯಕ್ಕೆ ತೆರಿಗೆ ಇಲ್ಲ. ಕಾರೊಂದೇ ಇದ್ದರೆ ಹೆಚ್ಚಿಗೆ ಬಂದ 32,395 ತೆರಿಗೆ ಬೀಳುವ ಅಲ್ಪಾವಧಿ ಬಂಡವಾಳ ಲಾಭ, ಕಾರು ಎಷ್ಟೇ ಹಳೆಯದಿರಲಿ.

ಜಿಎಸ್‌ಟಿಗೆ ಈ ಗುಂಪಿನ ಲೆಕ್ಕ ಇಲ್ಲ. ನೋಂದಣಿ ಇದ್ದು, ಕೊಳ್ಳುವಾಗ ಇನ್‌ಪುಟ್ ಕ್ರೆಡಿಟ್ (ಆಗ ಕಟ್ಟಿದ ಜಿಎಸ್‌ಟಿಯ ವಜಾ) ತಗೊಂಡಿಲ್ಲ ಅಂದರೆ ಆ 32,395ಕ್ಕೆ ಮಾತ್ರ 18%, ಸುಮಾರು 5,831 ರೂಪಾಯಿ. ಸುಮ್ನೆ 4.5 ಲಕ್ಷಕ್ಕೆ ಕಟ್ಟಬೇಡಿ. ಸಣ್ಣ ಕಾರಿಗೆ ಮೊದಲು 12% ಇತ್ತು, 2025ರ ಜನವರಿಯಲ್ಲಿ ಏರಿಸಿದರು.

ಅಂದಹಾಗೆ, ವಹಿವಾಟಿನ 8% ಲಾಭ ತೋರಿಸುವ ರಿಟರ್ನ್ ಹಾಕುತ್ತಿದ್ದರೂ ಆದಾಯ ತೆರಿಗೆಯವರು ಸವಕಳಿ ಕಳೆದಂತೆಯೇ ಹಿಡಿಯುತ್ತಾರೆ. ನಾನು ಕ್ಲೇಮೇ ಮಾಡಿಲ್ಲ ಅಂದರೆ ನಡೆಯುವುದಿಲ್ಲ.