ಮಿಕ್ಕ ಸಿರಪ್ ಮಗನಿಗೆ ಕೊಡಲಾ?

ಪ್ರಶ್ನೆ: ಮೂರು ವರ್ಷದ ಮಗನಿಗೆ ಎರಡು ದಿನದಿಂದ ನೆಗಡಿ, ಕೆಮ್ಮು, ಸಣ್ಣ ಜ್ವರ. ಡಾಕ್ಟರು ಪ್ಯಾರಾಸಿಟಮಾಲ್, ಮೂಗಿನ ಡ್ರಾಪ್ಸ್ ಮಾತ್ರ ಬರೆದರು. ಈಗ ಸಿಂಬಳ ಹಸಿರಾಗಿದೆ. ಹೋದ ತಿಂಗಳ ಆಂಟಿಬಯೋಟಿಕ್ ಸಿರಪ್ ಫ್ರಿಜ್‌ನಲ್ಲಿ ಅರ್ಧ ಉಳಿದಿದೆ, ಅದನ್ನೇ ಹಾಕು ಅಂತಾರೆ ನಮ್ಮತ್ತೆ. ಕೊಡಲಾ?
– ಒಬ್ಬ ತಾಯಿ, ಸಿಂಧನೂರು

ಉತ್ತರ: ಬೇಡಮ್ಮ, ಖಂಡಿತ ಬೇಡ. ಪುಡಿಗೆ ನೀರು ಬೆರೆಸಿ ಮಾಡುವ ಇಂಥ ಸಿರಪ್ ಹೆಚ್ಚಾಗಿ ಒಂದೆರಡು ವಾರದಲ್ಲೇ ಕೆಡುತ್ತದೆ, ಲೇಬಲ್ ಮೇಲೆ ನೋಡಿ.

ನಿಮ್ಮ ಡಾಕ್ಟರು ಮಾಡಿದ್ದು ಸರಿಯಾಗಿದೆ. ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಸಿಂಬಳ ಹಸಿರಾಯಿತು ಅಂತ ಸೋಂಕು ಬದಲಾಯಿತು ಅಂತಲ್ಲ, ಸಾದಾ ನೆಗಡಿಯಲ್ಲೂ ಹಾಗಾಗುತ್ತದೆ. ಸುಮ್ನೆ ಕೊಟ್ಟರೆ ಭೇದಿ, ಮೈಮೇಲೆ ಗಂಧೆ ಬರಬಹುದು, ಜೊತೆಗೆ ಬ್ಯಾಕ್ಟೀರಿಯಾ ಆ ಮದ್ದಿಗೆ ಬಗ್ಗದಂತಾಗಿ ನಾಳೆ ನಿಜಕ್ಕೂ ನ್ಯುಮೋನಿಯಾ ಬಂದಾಗ ಅದೇ ಮದ್ದು ಕೆಲಸ ಮಾಡದೆ ಹೋಗಬಹುದು, ನನಗೆ ಜಾಸ್ತಿ ಭಯ ಇದರದ್ದೇ. ಮೆಡಿಕಲ್ ಶಾಪ್‌ನಲ್ಲಿ ‘ಸ್ಟ್ರಾಂಗ್ ಔಷಧಿ ಕೊಡಿ’ ಅಂತ ಕೇಳುವುದೂ ಬೇಡ. ಡಾಕ್ಟರೇ ಬರೆದಾಗ ಮಾತ್ರ, ತೂಕಕ್ಕೆ ತಕ್ಕ ಅಳತೆಯಲ್ಲಿ, ಹೇಳಿದಷ್ಟು ದಿನ ಕೊಡಿ.

ಅತ್ತೆಯವರಿಗೂ ಒಂದು ಕೆಲಸ ಹೇಳಿ. ಮಗು ಅಳದೆ ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಲಿ. ಈ ವಯಸ್ಸಿಗೆ 40 ಅಥವಾ ಜಾಸ್ತಿ ಇದ್ದರೆ, ಪಕ್ಕೆ ಒಳಗೆ ಸೆಳೆಯುತ್ತಿದ್ದರೆ, ನೀರೂ ಕುಡಿಯದೆ ಮಂಪರಾಗಿದ್ದರೆ ರಾತ್ರಿಯಾದರೂ ಸರಿ, ಆಸ್ಪತ್ರೆಗೆ ಹೊರಡಿ. ಜ್ವರ ಮೂರು ದಿನ ದಾಟಿದರೆ ಅದೇ ಡಾಕ್ಟರಿಗೆ ಮತ್ತೆ ತೋರಿಸಿ.