ಉಳುಕಿದ ಕಾಲಿನ ನೋವು ಹೋಗಿದೆ, ಮೆಟ್ಟಿಲು ಇಳಿಯುವಾಗ ಮಾತ್ರ ಕಾಲು ಹೊರಳಿದ ಹಾಗಾಗುತ್ತದೆ. ಒಂಟಿಕಾಲಲ್ಲಿ ನಿಂತರೆ ಸರಿಹೋಗುತ್ತಾ?

ಸರಿಹೋಗುತ್ತದೆ. ಆದರೆ ನೀವು ಅಂದುಕೊಂಡಿರುವುದಕ್ಕಿಂತ ಜಾಸ್ತಿ ದಿನ ಮಾಡಬೇಕು.

ಶಟಲ್ ಆಡುವಾಗ ಕಾಲು ಉಳುಕಿ ಐದು ವಾರ ಆಯಿತು, ಊತ ಇಳಿದಿದೆ, ಸಮ ನೆಲದಲ್ಲಿ ಆರಾಮಾಗಿ ನಡೆಯುತ್ತೇನೆ ಅಂತ ಬರೆದಿದ್ದೀರಿ. ಫಿಸಿಯೋ ದಿನಾ ಒಂಟಿಕಾಲಲ್ಲಿ ನಿಲ್ಲಿ ಅಂದಿದ್ದಾರೆ, ಅಷ್ಟರಿಂದ ಏನಾಗುತ್ತೆ ಅಂತ ನಿಮ್ಮ ಅನುಮಾನ. ನನಗೂ ಅದೇ ಅನುಮಾನ ಇತ್ತು. ಮಾಡದೆ ಬಿಟ್ಟೆ, ಅದೇ ಕಾಲು ಇನ್ನೊಂದು ಸಲ ಉಳುಕಿತು.

ಮೊದಲ ಸಲ ಆಗಿದ್ದು ಚಾಮುಂಡಿ ಬೆಟ್ಟದಲ್ಲಿ. ನಂದಿ ದಾಟಿ ಕೆಳಗೆ ಇಳಿಯುತ್ತಿದ್ದೆ, ಎಡಗಾಲು ಮೆಟ್ಟಿಲಿನ ಅಂಚಿಗೆ ಬಿದ್ದು ಪಾದ ಒಳಕ್ಕೆ ಮಡಚಿಕೊಂಡಿತು. ಕ್ರೇಪ್ ಬ್ಯಾಂಡೇಜ್ ಕಟ್ಟಿ ಮೂರು ವಾರ ಕೂತೆ. ನೋವು ಹೋಯಿತು, ಮುಗಿಯಿತು ಅಂದುಕೊಂಡೆ. ಏಳು ತಿಂಗಳಾದ ಮೇಲೆ ಮಂಡ್ಯದ ಹತ್ತಿರ ನಮ್ಮ ಊರಲ್ಲಿ ಗದ್ದೆ ಬದುವಿನ ಮೇಲೆ ನಡೆಯುವಾಗ ಮತ್ತೆ ಹೊರಳಿತು. ಅಲ್ಲಿ ಕಲ್ಲಿರಲಿಲ್ಲ, ಗುಂಡಿ ಇರಲಿಲ್ಲ. ಹುಡುಗನಾಗಿದ್ದಾಗ ತಲೆ ಮೇಲೆ ಹುಲ್ಲಿನ ಹೊರೆ ಇಟ್ಟುಕೊಂಡು ಅದೇ ಬದುವಿನ ಮೇಲೆ ಸರಸರ ಓಡಾಡುತ್ತಿದ್ದೆ, ಆಗೆಲ್ಲ ಕಾಲಿನ ಕಡೆ ನೋಡುತ್ತಲೂ ಇರಲಿಲ್ಲ. ಮನೆಯವರು ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋದರು, ಅವರು ಎಣ್ಣೆ ಹಚ್ಚಿ ಜೋರಾಗಿ ಎಳೆದರು, ರಾತ್ರಿಗೆ ಊತ ಎರಡರಷ್ಟಾಯಿತು. ದಯವಿಟ್ಟು ಹೊಸ ಉಳುಕಿಗೆ ಈ ಕೆಲಸ ಮಾಡಿಸಬೇಡಿ. ಹರಿದಿರುವ ನಾರನ್ನು ಎಳೆದರೆ ಅದು ಇನ್ನಷ್ಟು ಹರಿಯುತ್ತದೆ, ಅಷ್ಟೇ.

ಕಾಲು ಯಾಕೆ ಕೈಕೊಡುತ್ತದೆ ಅನ್ನುವುದು ಅರ್ಥವಾದರೆ ಈ ವ್ಯಾಯಾಮ ಬೇಜಾರು ಅನ್ನಿಸುವುದಿಲ್ಲ. ಪಾದದ ಹೊರಗಂಟಿನ ಸುತ್ತ ಮೂಳೆಗಳನ್ನು ಹಿಡಿದಿರುವ ಗಟ್ಟಿ ನಾರುಗಳಿವೆ, ಲಿಗಮೆಂಟ್ ಅಂತಾರಲ್ಲ, ಅವು. ಪಾದ ಒಳಕ್ಕೆ ಮಡಚಿದಾಗ ಮೊದಲು ಪೆಟ್ಟು ತಿನ್ನುವುದು ಹೊರಗಂಟಿನ ಮುಂದಿರುವ ನಾರು. ಅದರೊಳಗೆ ಸಣ್ಣ ಸಣ್ಣ ನರದ ತುದಿಗಳೂ ಇವೆ. ಪಾದ ಯಾವ ಕಡೆ ವಾಲುತ್ತಿದೆ, ಎಷ್ಟು ವಾಲಿದೆ ಅಂತ ಅವು ಕ್ಷಣಕ್ಷಣಕ್ಕೂ ಸುದ್ದಿ ಕಳಿಸುತ್ತವೆ. ಆ ಸುದ್ದಿ ಹಿಡಿದುಕೊಂಡೇ ಕಾಲಿನ ಹೊರಬದಿಯ ಸ್ನಾಯುಗಳು ಪಾದವನ್ನು ವಾಪಸ್ ಎಳೆದು ನಿಲ್ಲಿಸುವುದು. ಉಳುಕಿದಾಗ ನಾರಿನ ಜೊತೆ ಈ ತುದಿಗಳಿಗೂ ಪೆಟ್ಟಾಗುತ್ತದೆ. ಊತ ಇಳಿಯುತ್ತದೆ, ನೋವು ಹೋಗುತ್ತದೆ, ಆದರೆ ಸುದ್ದಿ ತಡವಾಗಿ ಬರುತ್ತದೆ, ಸ್ನಾಯು ಎಚ್ಚೆತ್ತುಕೊಳ್ಳುವ ಹೊತ್ತಿಗೆ ಪಾದ ಹೊರಳಿ ಆಗಿರುತ್ತದೆ. ಮೆಟ್ಟಿಲು ಇಳಿಯುವಾಗ ನಿಮಗೆ ಆಗುತ್ತಿರುವುದು ಇದೇ ಅಂತ ನನಗನ್ನಿಸುತ್ತದೆ.

ಇದನ್ನು 1965ರಲ್ಲೇ ಫ್ರೀಮನ್ ಅನ್ನುವ ಬ್ರಿಟಿಷ್ ಮೂಳೆ ವೈದ್ಯರು ಮತ್ತು ಅವರ ಜೊತೆಗಾರರು ಬರೆದಿದ್ದರು. ಅಲುಗಾಡುವ ಹಲಗೆ ಮೇಲೆ ನಿಂತು ಅಭ್ಯಾಸ ಮಾಡಿದವರ ಕಾಲು ಕೈಕೊಡುವುದು ಕಡಿಮೆಯಾಯಿತು ಅಂತ ಅವರು ಕಂಡುಕೊಂಡರು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಕಾಲು ಉಳುಕಿದ್ದ 522 ಆಟಗಾರರನ್ನು ಒಂದು ವರ್ಷ ಗಮನಿಸಿದ್ದರು. ಮಾಮೂಲಿ ಚಿಕಿತ್ಸೆಯ ಜೊತೆಗೆ ಎಂಟು ವಾರ ಮನೆಯಲ್ಲೇ ಬ್ಯಾಲೆನ್ಸ್ ಅಭ್ಯಾಸ ಮಾಡಿದವರಲ್ಲಿ ನೂರಕ್ಕೆ 22 ಜನರಿಗೆ ಮತ್ತೆ ಉಳುಕಿತು, ಅಭ್ಯಾಸ ಮಾಡದವರಲ್ಲಿ ನೂರಕ್ಕೆ 33. ಅವರ ಪಕ್ಕ ಯಾರೂ ನಿಂತು ಮಾಡಿಸಲಿಲ್ಲ. ಮನೆಯಲ್ಲಿ ತಾವೇ ಮಾಡಿಕೊಂಡದ್ದಕ್ಕೆ ಇಷ್ಟು ಫಲ ಅಂದರೆ ಸಣ್ಣ ಮಾತಲ್ಲ.

ನಾನು ಎರಡನೇ ಸಲ ಮಾಡಿದ್ದನ್ನು ಹೇಳುತ್ತೇನೆ. ಬರಿಗಾಲಲ್ಲಿ ಅಡುಗೆಮನೆ ಕಟ್ಟೆ ಪಕ್ಕ ನಿಂತುಕೊಳ್ಳಿ, ಬೀಳುವಂತಾದರೆ ಹಿಡಿದುಕೊಳ್ಳಲು. ಮಂಡಿ ಚೂರು ಬಗ್ಗಿರಲಿ. ಬೆರಳುಗಳಿಂದ ನೆಲ ಕಚ್ಚಿ ಹಿಡಿಯಬೇಡಿ. ಮೊದಲು ಚೆನ್ನಾಗಿರುವ ಕಾಲಲ್ಲಿ ನಿಂತು ಎಷ್ಟು ಸೆಕೆಂಡ್ ಆಯಿತು ನೋಡಿ, ಆಮೇಲೆ ಉಳುಕಿದ ಕಾಲಲ್ಲಿ. ನನಗೆ ಒಂದರಲ್ಲಿ 40, ಇನ್ನೊಂದರಲ್ಲಿ 9 ಬಂತು. ಆ 9 ನೋಡಿದ ಮೇಲೆ ಯಾರೂ ಒತ್ತಾಯ ಮಾಡಬೇಕಾಗಲಿಲ್ಲ. ಬೆಳಿಗ್ಗೆ ಹಲ್ಲುಜ್ಜುವಾಗ, ರಾತ್ರಿ ಊಟ ಆದ ಮೇಲೆ, 30 ಸೆಕೆಂಡಿನಂತೆ ಮೂರು ಸಲ. ಪಾದ ಗಡಗಡ ಅಲ್ಲಾಡುತ್ತದೆ, ಅಲ್ಲಾಡಲಿ ಬಿಡಿ. ಅಲ್ಲಾಡಿ ಅಲ್ಲಾಡಿಯೇ ಅದು ಕಲಿಯುವುದು.

ಅದು ಸಲೀಸಾದ ಮೇಲೆ ನಿಂತಲ್ಲೇ ತಲೆಯನ್ನು ಎಡಕ್ಕೆ ಬಲಕ್ಕೆ ತಿರುಗಿಸಿ. ಆಮೇಲೆ ಕಣ್ಣು ಮುಚ್ಚಿ. ಬ್ಯಾಲೆನ್ಸ್‌ಗೆ ಕಣ್ಣು, ಒಳಕಿವಿ, ಕೀಲು ಮೂರೂ ಸೇರಿ ಕೆಲಸ ಮಾಡುತ್ತವೆ, ಕಣ್ಣು ಮುಚ್ಚಿದರೆ ಕೀಲಿನ ಮೇಲೆ ಹೊರೆ ಜಾಸ್ತಿ ಬೀಳುತ್ತದೆ. ಇದನ್ನು ಮಾತ್ರ ಗೋಡೆಯ ಮೂಲೆಯಲ್ಲಿ ನಿಂತು ಮಾಡಿ, ಎರಡೂ ಕಡೆ ಗೋಡೆ ಸಿಗುತ್ತದೆ. ಆಮೇಲೆ ನಾಲ್ಕು ಮಡಿಕೆ ಮಾಡಿದ ಕಂಬಳಿ ಮೇಲೆ, ಕೊನೆಗೆ ಹಳೆ ದಿಂಬಿನ ಮೇಲೆ. ದುಡ್ಡು ಕೊಟ್ಟು ಹಲಗೆ ತರಬೇಕಿಲ್ಲ. ನನಗೆ ತುಂಬಾ ಉಪಯೋಗಕ್ಕೆ ಬಂದದ್ದು ಇನ್ನೊಂದಿದೆ: ಉಳುಕಿದ ಕಾಲಲ್ಲಿ ನಿಂತು ಮಂಡಿ ಬಗ್ಗಿಸಿ, ಇನ್ನೊಂದು ಕಾಲನ್ನು ಮುಂದಕ್ಕೆ, ಪಕ್ಕಕ್ಕೆ, ಹಿಂದಕ್ಕೆ ಎಷ್ಟು ದೂರ ಆಗುತ್ತೋ ಅಷ್ಟು ಚಾಚಿ ಬೆರಳ ತುದಿಯಿಂದ ನೆಲ ಮುಟ್ಟಿ ವಾಪಸ್ ತರುವುದು. ಮೆಟ್ಟಿಲು ಇಳಿಯುವಾಗ ಕಾಲು ಮಾಡುವ ಕೆಲಸಕ್ಕೆ ಇದೇ ಹತ್ತಿರ.

ಜೊತೆಗೆ ಒಂಟಿಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸುವುದನ್ನೂ ಸೇರಿಸಿಕೊಳ್ಳಿ. ಪಾದ ಗೋಡೆಯಿಂದ 10 ಸೆಂಟಿಮೀಟರ್ ದೂರ ಇಟ್ಟು, ಹಿಮ್ಮಡಿ ಎತ್ತದೆ ಮಂಡಿ ಗೋಡೆಗೆ ತಾಗುತ್ತದಾ ಅಂತಲೂ ನೋಡಿ. ಇನ್ನೊಂದು ಕಾಲಿನಷ್ಟು ತಾಗದಿದ್ದರೆ ಕೀಲು ಇನ್ನೂ ಬಿಗಿಯಾಗಿದೆ, ದಿನಾ ಅದನ್ನೇ ಮಾಡುತ್ತಾ ಸಡಿಲ ಮಾಡಿಕೊಳ್ಳಬೇಕು.

ಎಷ್ಟು ಮಾಡಿದರೆ ಜಾಸ್ತಿಯಾಯಿತು ಅಂತ ತಿಳಿಯಲು ಮಾರನೇ ದಿನ ಬೆಳಿಗ್ಗೆ ಗಂಟು ನೋಡಿ. ಸ್ನಾಯು ಸುಸ್ತಾಗಿದ್ದರೆ ಪರವಾಗಿಲ್ಲ. ಊದಿದ್ದರೆ ಅಥವಾ ಚುಚ್ಚುವ ನೋವಿದ್ದರೆ ಒಂದು ಹೆಜ್ಜೆ ಹಿಂದಕ್ಕೆ ಬನ್ನಿ. ನೀವು ಎಕ್ಸ್‌ರೇ ತೆಗೆಸಿದ್ದೀರೋ ಇಲ್ಲವೋ ಬರೆದಿಲ್ಲ. ಉಳುಕಿದ ದಿನ ನಾಲ್ಕು ಹೆಜ್ಜೆಯೂ ಇಡಲು ಆಗಿರಲಿಲ್ಲ ಅಂದರೆ, ಅಥವಾ ಗಂಟಿನ ಮೂಳೆಯನ್ನು ಹಿಂದಿನಿಂದ ಒತ್ತಿದರೆ ಈಗಲೂ ನೋಯುತ್ತದೆ ಅಂದರೆ, ಇದನ್ನೆಲ್ಲ ಶುರು ಮಾಡುವ ಮೊದಲು ಮೂಳೆ ಡಾಕ್ಟರಿಗೆ ತೋರಿಸಿ.

ಇನ್ನು ಶಟಲ್ ಯಾವಾಗ ಅನ್ನುವ ಪ್ರಶ್ನೆ. ಎರಡೂ ಕಾಲಿನ ಸೆಕೆಂಡ್ ಸರಿಸಮ ಬರುವವರೆಗೆ ಬೇಡ. ಬಂದ ಮೇಲೆ ಕುಂಟೆಬಿಲ್ಲೆ ಆಡುವ ಹಾಗೆ ಒಂಟಿಕಾಲಲ್ಲಿ ಮುಂದಕ್ಕೆ, ಆಮೇಲೆ ಗೆರೆಯ ಈ ಕಡೆ ಆ ಕಡೆ ಜಿಗಿಯಿರಿ. ಜಿಗಿದು ಬಿದ್ದ ಜಾಗದಲ್ಲೇ ಅಲುಗಾಡದೆ ನಿಲ್ಲಲು ಆಗಬೇಕು. ನಾನು ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡಿಗೆ ಶುರು ಮಾಡಿ, ಎರಡು ತಿಂಗಳಾದ ಮೇಲೆ ಬೆಟ್ಟದ ಮೆಟ್ಟಿಲು ಹತ್ತಿದೆ, ಇಳಿಯುವಾಗ ಬಸ್ಸಿನಲ್ಲಿ ಬಂದೆ. ಮೆಟ್ಟಿಲಲ್ಲೇ ಇಳಿದದ್ದು ಮೂರನೇ ತಿಂಗಳಲ್ಲಿ. ನೀವು ಕೋರ್ಟಿಗೆ ಹೋದ ಮೇಲೂ ಕೆಲವು ತಿಂಗಳು ಆಡುವಾಗ ಆ್ಯಂಕಲ್ ಬ್ರೇಸ್ ಹಾಕಿಕೊಳ್ಳಿ, ಒಂಟಿಕಾಲ ಅಭ್ಯಾಸವನ್ನೂ ವಾರಕ್ಕೆ ಮೂರು ದಿನ ಇಟ್ಟುಕೊಳ್ಳಿ. ನಾನು ಈಗಲೂ ಹಲ್ಲುಜ್ಜುವಾಗ ಎಡಗಾಲಲ್ಲೇ ನಿಲ್ಲುತ್ತೇನೆ.